ದೀಪ ಹಚ್ಚುವ ಮುಂಚಿನ ಹೆಪ್ಪು

ನೀಲಗಂಗವ್ವನ ಬಾಗಿಲು ಕಿರಿದಾಗುತ್ತಿದೆ ಎಂದು ಮೊದಲು ಗೊತ್ತಾದದ್ದು ನನ್ನ ಮೊಣಕೈಗೆ. ರೊಟ್ಟಿಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ದಿನದಂತೆ ಒಳಗೆ ನುಗ್ಗಿದೆ, ಚೌಕಟ್ಟು ರಪ್ಪನೆ ಬಡಿಯಿತು. ಬೇರೆ ಊರಿನವರಾದರೆ ತಮ್ಮ ಕಣ್ಣಿಗೋ ಕಾಲಿಗೋ ಬೈದುಕೊಂಡು ಮುಂದೆ ಹೋಗುತ್ತಿದ್ದರು. ನಮ್ಮೂರಿನಲ್ಲಿ ಹಾಗಲ್ಲ. ನಾನು ಬುಟ್ಟಿ ಕೆಳಗಿಟ್ಟು, ಹೊಸ್ತಿಲ ಮೇಲೆ ನಿಂತು, ಎರಡೂ ಕೈ ಚಾಚಿ ನೋಡಿದೆ. ಮೊದಲು ಬೆರಳ ತುದಿ ಕೂಡ ಮುಟ್ಟುತ್ತಿರಲಿಲ್ಲ. ಈಗ ಮೊಣಕೈ ಮಡಚಬೇಕಾಯಿತು.

ನಮ್ಮೂರಿನ ಬಾಗಿಲುಗಳು ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿ ಯಾರ ಮನೆಗೂ ಕದವಿಲ್ಲ. ಕದ ಇಟ್ಟರೆ ಒಂದು ವರ್ಷ ಸಡಿಲಾಗಿ ಜೋತಾಡುತ್ತದೆ, ಮರುವರ್ಷ ಸಿಕ್ಕಿಕೊಂಡು ಸೀಳುತ್ತದೆ. ಎಲ್ಲರೂ ಕೌದಿ ಇಳಿಬಿಡುತ್ತೇವೆ. ಬಾಗಿಲು ಅಗಲವಾದರೆ ಹೆಂಗಸರು ಕೌದಿಗೆ ಇನ್ನೊಂದು ಸೀರೆಯ ತುಂಡು ಸೇರಿಸಿ ಹೊಲಿಯುತ್ತಾರೆ, ಕಿರಿದಾದರೆ ಅಂಚು ಮಡಚುತ್ತಾರೆ. ಹೆಣ್ಣು ಕೊಡುವವರು ವರನ ಹೊಲ ನೋಡುವ ಮೊದಲು ಕೌದಿಯ ಅಂಚು ಮುಟ್ಟಿ ನೋಡುತ್ತಾರೆ, ಎಷ್ಟು ಮಡಿಕೆ ಇದೆ ಎಂದು. ಹಿಂದಿನ ಗೌಡರ ಬಾಗಿಲಿನಲ್ಲಿ ತುಂಬಿದ ಚಕ್ಕಡಿ ಹೋಗುತ್ತಿತ್ತಂತೆ. ಚಕ್ಕಡಿಯ ಹಿಂದೆ ನಾಯಿಗಳೂ ಹೋಗುತ್ತಿದ್ದವು ಎಂದು ನಮ್ಮತ್ತೆ ನಗುತ್ತಿದ್ದಳು.

ನಗದೆ ಹೇಳುವ ಮಾತೂ ಒಂದಿದೆ. ಬಾಗಿಲು ಪೂರಾ ಕೂಡಿಕೊಂಡ ಮನೆಗಳು ನಮ್ಮೂರಿನಲ್ಲಿವೆ. ಗೋಡೆಮನೆ ಎನ್ನುತ್ತೇವೆ. ಕಿಟಕಿ, ಮಾಳಿಗೆಯ ಬೆಳಕಿಂಡಿ ಮೊದಲೇ ಮುಚ್ಚಿಹೋಗಿರುತ್ತವೆ, ಕೊನೆಗೆ ಬಾಗಿಲು. ಹಾರೆ ಹಾಕಿ ಒಡೆದವರಿದ್ದಾರೆ. ಒಡೆದಷ್ಟೂ ಮಣ್ಣೇ ಸಿಗುತ್ತದೆ, ಒಳಗಿನ ಮನೆ ಸಿಗುವುದಿಲ್ಲ. ಸ್ವಲ್ಪ ದಿನ ಒಳಗಿನಿಂದ ಪಾತ್ರೆಯ ಸದ್ದು ಕೇಳಿಸುತ್ತದೆ. ಆಮೇಲೆ ಅದೂ ಇಲ್ಲ. ಬಡಿಗೇರ ಓಣಿಯ ಕಳಕಪ್ಪಜ್ಜ ಹಾಗೆ ಹೋದ. ಸುಗ್ಗಿಯ ಗಡಿಬಿಡಿಯಲ್ಲಿ ಊರಿಗೆ ಅವನ ನೆನಪಾದದ್ದು ಅವನ ನಾಯಿ ಗೋಡೆಯ ಮುಂದೆ ಕೂತು ಊಳಿಟ್ಟ ಮೇಲೆ.

ಆ ನಾಚಿಕೆಗೆ ಊರಿನಲ್ಲಿ ಪಾಳಿ ಶುರುವಾಯಿತು. ಒಂಟಿಯಾಗಿರುವ ಮುದುಕ ಮುದುಕಿಯರ ಹೊಸ್ತಿಲನ್ನು ದಿನಾ ಯಾರಾದರೂ ತುಳಿಯಬೇಕು, ಬರಿಗೈಯಲ್ಲಿ ಹೋಗಬಾರದು. ಇದನ್ನು ನಡೆಸಿದವನು ಹಿಟ್ಟಿನ ಗಿರಣಿಯ ರಾಚಪ್ಪ. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನ ಅವನಿಗೆ ಸ್ವಲ್ಪ ನೆತ್ತಿಗೇರಿತ್ತು. ಕಾಲು ತುಳಿದರೆ ಬಾಗಿಲು ಉಳಿಯುತ್ತದೆ ಎಂದು ಅವನ ಲೆಕ್ಕ. ಊರಿನ ಲೆಕ್ಕವೂ ಅದೇ, ನನ್ನದೂ ಅದೇ ಆಗಿತ್ತು.

ನನ್ನ ಹೆಸರು ಫಕೀರವ್ವ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ನಾನು ಮುದುಕಿಯೇ, ಆದರೆ ಪಾಳಿ ಮಾಡುವ ಮುದುಕಿ, ಮಾಡಿಸಿಕೊಳ್ಳುವವಳಲ್ಲ. ನನ್ನ ನಾಲಿಗೆ ಚೂಪು ಎಂದು ಊರೆಲ್ಲ ಹೇಳುತ್ತದೆ. ಜಗಳಕ್ಕಾದರೂ ಜನ ಬಂದೇ ಬರುತ್ತಾರೆ, ನನ್ನ ಬಾಗಿಲಿಗೇನು ಧಾಡಿ ಎಂದುಕೊಂಡಿದ್ದೆ. ಅದೇ ದಿನಗಳಲ್ಲಿ ನೀರು ತರುವಾಗ ನನ್ನ ಕೊಡ ಚೌಕಟ್ಟಿಗೆ ತಾಗಿ ಕಂಠ ನೆಗ್ಗಿತ್ತು. ವಯಸ್ಸಾಯಿತು, ಹಿಡಿತ ತಪ್ಪುತ್ತಿದೆ ಎಂದು ನನಗೂ ಕೊಡಕ್ಕೂ ಸೇರಿಸಿ ಬೈದು ಮರೆತಿದ್ದೆ.

ನೀಲಗಂಗವ್ವ ನನ್ನ ಪಕ್ಕದ ಮನೆಯವಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಮೈಯಲ್ಲೂ ದೊಡ್ಡವಳು, ದನಿಯಲ್ಲೂ. ಮಕ್ಕಳಿಲ್ಲ. ಒಂದು ಕಾಲದಲ್ಲಿ ಊರಿನ ಅರ್ಧ ಸಂಸಾರ ಅವಳ ಮನೆಯ ಸಾಮಾನಿನ ಮೇಲೆ ನಡೆಯುತ್ತಿತ್ತು. ಶ್ಯಾವಿಗೆ ಮಣೆ ಬೇಕಾದರೆ ನೀಲಗಂಗವ್ವ. ಕೂಸಿಗೆ ಹೊಟ್ಟೆ ಉಬ್ಬರಿಸಿದರೆ ನೀಲಗಂಗವ್ವನ ಬಜೆ. ಸೊಸೆ ಮುನಿಸಿಕೊಂಡರೆ ನೀಲಗಂಗವ್ವನ ಬೈಗುಳ. ಎಲ್ಲಕ್ಕಿಂತ ಹೆಚ್ಚಾಗಿ ಹೆಪ್ಪು. ಅವಳ ಮೊಸರು ಅವಳ ಅತ್ತೆಯ ಕಾಲದಿಂದ ಒಂದೇ ಹೆಪ್ಪಿನಿಂದ ಇಳಿದು ಬಂದದ್ದು. ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ. ಸಂಜೆ ಹಾಲು ಕಾಯಿಸಿದ ಮೇಲೆ ನಾನು ಬಟ್ಟಲು ಹಿಡಿದು ಅವಳ ಕೌದಿ ಸರಿಸುವುದು, ಅವಳು ನನ್ನ ಮರೆವಿಗೆ ಬೈದು ಒಂದು ಚಮಚ ಹಾಕುವುದು, ಇದು ನಮ್ಮಿಬ್ಬರ ಸಂಜೆಯ ಪದ್ಧತಿ. ಅವಳದು ಒಂದೇ ಕಟ್ಟಳೆ: ದೀಪ ಹಚ್ಚುವ ಮುಂಚೆ ಬರಬೇಕು. ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿ ಯಾರ ಕೈಗೂ ಕೊಡುತ್ತಿರಲಿಲ್ಲ. ಮನೆಯ ಲಕ್ಷ್ಮಿಯನ್ನೇ ಎತ್ತಿ ಕೊಟ್ಟಂತೆ ಎನ್ನುತ್ತಿದ್ದಳು.

ಆಮೇಲೆ ಅವಳು ಬಾವಿಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಮೂಳೆ ಕೂಡಿತು, ಕೋಲು ಬಂತು. ರಾಚಪ್ಪ ಊರಿಗೆಲ್ಲ ಸಾರಿದ: ಇನ್ನು ಮೇಲೆ ಆಯಿಗೆ ಯಾರೂ ತ್ರಾಸು ಕೊಡಬಾರದು, ಏನೂ ಕೇಳಬಾರದು, ಅವಳು ನಮಗೆ ಮಾಡಿದ್ದು ಸಾಕು, ಈಗ ನಾವು ಮಾಡೋಣ. ಎಲ್ಲರ ಕಣ್ಣಲ್ಲೂ ನೀರು ಬಂತು, ನನ್ನ ಕಣ್ಣಲ್ಲೂ. ಮರುದಿನದಿಂದಲೇ ಡಬ್ಬಿಗಳ ಸಾಲು ಶುರುವಾಯಿತು. ಅನ್ನ, ಸಾರು, ರೊಟ್ಟಿ, ಕಡುಬು. ಯಾರೋ ಅವಳ ಅಂಗಳ ಗುಡಿಸಿದರು, ಯಾರೋ ಪಾತ್ರೆ ತೊಳೆದರು. ಶ್ಯಾವಿಗೆ ಮಣೆಯನ್ನು ಭಾರವೆಂದು ಗಿರಣಿಗೆ ಸಾಗಿಸಿ, ಬೇಕಾದವರು ಇಲ್ಲಿಂದಲೇ ಒಯ್ಯಿರಿ ಎಂದ ರಾಚಪ್ಪ. ಅವಳು ಎದ್ದು ನಿಂತರೆ ಹತ್ತು ಕೈಗಳು ಅವಳನ್ನು ಹಿಡಿದು ಕೂಡಿಸುತ್ತಿದ್ದವು. ನಾನೂ ಹೆಪ್ಪು ಕೇಳುವುದನ್ನು ನಿಲ್ಲಿಸಿ, ನನ್ನದೇ ನೀರುಮೊಸರನ್ನು ನಂಬಿಕೊಂಡೆ.

ಮೊಣಕೈಗೆ ಪೆಟ್ಟಾದ ದಿನ ನಾನು ನೇರ ಗಿರಣಿಗೆ ಹೋಗಿ ರಾಚಪ್ಪನಿಗೆ ಹೇಳಿದೆ. ಅವನು ಹಿಟ್ಟಿನ ಕೈಯಲ್ಲೇ ಓಡಿಬಂದು, ಮೊಳ ಹಾಕಿ ನೋಡಿ, ಬೆಳ್ಳಗಾದ. ಕಾಲು ಸಾಲುತ್ತಿಲ್ಲ ಎಂದ. ಪಾಳಿಯನ್ನು ಎರಡು ಪಟ್ಟು ಮಾಡಿದ. ಭಜನೆಯವರು ಬಂದರು, ಸಾಲೆಯ ಹುಡುಗಿಯರು ಸಾಲಾಗಿ ಬಂದು ಒಂದೊಂದು ಬಾಳೆಹಣ್ಣು ಇಟ್ಟು ನಮಸ್ಕರಿಸಿ ಹೋದರು. ಅವಳ ಹೊಸ್ತಿಲನ್ನು ತುಳಿದಷ್ಟು ಆ ವರ್ಷ ಊರಿನಲ್ಲಿ ಯಾವ ಹೊಸ್ತಿಲನ್ನೂ ತುಳಿದಿರಲಿಕ್ಕಿಲ್ಲ. ಮರುವಾರ ಮೊಳ ಹಾಕಿದರೆ ಬಾಗಿಲು ಇನ್ನೂ ಒಂದು ಗೇಣು ಒಳಗೆ ಬಂದಿತ್ತು.

ಆಗ ಜನ ಒಬ್ಬರನ್ನೊಬ್ಬರು ನೋಡತೊಡಗಿದರು. ಯಾರೋ ಮನಸ್ಸಿಲ್ಲದೆ ತುಳಿಯುತ್ತಿದ್ದಾರೆ, ಅವರ ಕಾಲಿನಿಂದಲೇ ಹೀಗಾಗುತ್ತಿದೆ ಎಂಬ ಗುಸುಗುಸು ಹಬ್ಬಿತು. ಚೂಪು ನಾಲಿಗೆಯವಳೇ ಪಕ್ಕದಲ್ಲಿರುವಾಗ ಬೇರೆ ಯಾರ ಮೇಲೆ ಅನುಮಾನ ಬರಬೇಕು. ರಾಚಪ್ಪ ಬಂದು, ಫಕೀರವ್ವಾರ, ನೀವು ಸ್ವಲ್ಪ ದಿನ ಹೋಗದಿದ್ದರೆ ಚಲೋ ಎಂದ. ನಾನು ಅವನ ಗಿರಣಿಯ ಜರಡಿಯಿಂದ ಹಿಡಿದು ಅವನ ಅಜ್ಜನವರೆಗೆ ಜಾಲಾಡಿ ಕಳಿಸಿದೆ. ಆದರೂ ನನ್ನ ಕಾಲೇ ಇರಬಹುದೇ ಎಂದು ಎರಡು ದಿನ ಹೋಗಲಿಲ್ಲ. ಆ ಎರಡು ದಿನದಲ್ಲೂ ಬಾಗಿಲು ಕಿರಿದಾಯಿತು. ಮೂರನೆಯ ದಿನ ಅಡ್ಡಡ್ಡ ತಿರುಗಿ ಹೊಟ್ಟೆ ಒಳಗೆಳೆದುಕೊಂಡು ನುಗ್ಗಿದೆ.

ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಸುತ್ತ ಡಬ್ಬಿಗಳು, ಬುಟ್ಟಿಗಳು, ಕಪ್ಪಾಗುತ್ತಿದ್ದ ಬಾಳೆಹಣ್ಣು. ಕಿಟಕಿ ಇದ್ದ ಜಾಗದಲ್ಲಿ ನುಣ್ಣನೆಯ ಗೋಡೆ. ಹೊರಗೆ ಬಂದುಬಿಡು, ನನ್ನ ಮನೆಯಲ್ಲಿ ಇರು, ಈಗಲಾದರೆ ಹೇಗಾದರೂ ಎಳೆದುಕೊಳ್ಳಬಹುದು ಎಂದು ಬೇಡಿಕೊಂಡೆ.

"ಅಲ್ಲೂ ಕುಂತು ಉಣ್ಣೂದ ಅಲ್ಲೇನ?" ಎಂದಳು. "ಇಲ್ಲೇ ಕುಂತೀನಿ ತಗೋ. ಬರೋರೆಲ್ಲಾ ಕೊಟ್ಟು ಹೋಗ್ತಾರ, ಫಕೀರಿ. ಕೈ ತೊಳಕೊಂಡು ಉಣ್ಣೂದು ಬಿಟ್ರ ಈ ಕೈಗೆ ಏನೂ ಕೆಲಸ ಇಲ್ಲ."

ಕಿವಿಯಿದ್ದವಳಿಗೆ ಅಷ್ಟೇ ಸಾಕಾಗಿತ್ತು. ನನಗೆ ಆಗ ಕೇಳಿಸಿದ್ದು ಬರೀ ಹಟಮಾರಿತನ. ಊರು ಇಷ್ಟು ಮಾಡಿದರೂ ಇವಳಿಗೆ ತೃಪ್ತಿಯಿಲ್ಲವಲ್ಲ ಎಂದು ಸಿಟ್ಟು ಬಂತು. ನಿನ್ನ ಸೊಕ್ಕಿನಿಂದಲೇ ಸಾಯುತ್ತೀ ಎಂದು ಬೈದು, ಚೌಕಟ್ಟಿನಲ್ಲಿ ಮೈ ತರಚಿಕೊಂಡು ಹೊರಗೆ ಬಂದೆ. ಆಮೇಲೆ ದೊಡ್ಡವರಾರಿಗೂ ಒಳಗೆ ಹೋಗಲಾಗಲಿಲ್ಲ. ಅವಳಂತೂ ಹೊರಗೆ ಬರುವ ಮಾತೇ ಇರಲಿಲ್ಲ.

ಕೊನೆಯ ದಿನ ಬಾಗಿಲು ಮೊರದಷ್ಟಿತ್ತು. ಮಧ್ಯಾಹ್ನ ಮೊರ ಹೋಗದಾಯಿತು, ಇಳಿಹೊತ್ತಿಗೆ ತಟ್ಟೆ ಹೋಗದಾಯಿತು. ಚೌಕಟ್ಟು ಕಿರುಗುಟ್ಟುವುದು ಓಣಿಗೆಲ್ಲ ಕೇಳಿಸುತ್ತಿತ್ತು. ಊರಿಗೆ ಊರೇ ಅಲ್ಲಿ ನಿಂತಿತ್ತು. ರಾಚಪ್ಪ ಗಿರಣಿಯ ಕಬ್ಬಿಣದ ಸರಳನ್ನು ಸಂದಿಗೆ ಅಡ್ಡ ಕೊಟ್ಟ. ನಾವು ನೋಡುನೋಡುತ್ತಿದ್ದಂತೆ ಅದು ಬಾಗಿ ಕೆಳಗೆ ಬಿತ್ತು. ಬಡಿಗೇರರು ಪಕ್ಕದ ಗೋಡೆ ಅಗೆದರು. ಮೊಣಕಾಲುದ್ದ ಮಣ್ಣು ಬಂತು, ಅದರ ಹಿಂದೆ ಮತ್ತೆ ಮಣ್ಣು. ಹೆಂಗಸರು ಅಳುತ್ತಾ ಸಂದಿಯೊಳಗೆ ರೊಟ್ಟಿ ಸುರುಳಿ ಮಾಡಿ ತೂರಿಸುತ್ತಿದ್ದರು, ಇನ್ನು ಮುಂದೆ ಸಿಗದಲ್ಲ ಎಂದು. ಒಂದೊಂದು ರೊಟ್ಟಿ ಒಳಗೆ ಹೋದಾಗಲೂ ಚೌಕಟ್ಟು ಕಿರ್ರೆನ್ನುತ್ತಿತ್ತು. ರಾಚಪ್ಪ ಹೊಸ್ತಿಲ ಮೇಲೆ ತಲೆಯಿಟ್ಟು, ಆಯಿ ಇನ್ನೇನು ತರಲಿ, ಇನ್ನೇನು ತರಲಿ ಎಂದು ಕೇಳುತ್ತಲೇ ಇದ್ದ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಳಕಪ್ಪಜ್ಜನ ಗೋಡೆಯ ಹಿಂದೆ ಕೇಳಿಸಿದ ಪಾತ್ರೆಯ ಸದ್ದು ನೆನಪಾಗುತ್ತಿತ್ತು. ಮನೆಗೆ ಬಂದು, ಕೈಗೆ ಏನಾದರೂ ಕೆಲಸ ಬೇಕೆಂದು ಹಾಲು ಕಾಯಿಸಿದೆ. ಉಗುರುಬೆಚ್ಚಗಾಯಿತು. ಹೆಪ್ಪಿಗೆಂದು ನೆಲುವಿನತ್ತ ತಿರುಗಿದರೆ ಮೊಸರಿನ ಗಡಿಗೆ ಉರುಳಿ ಒಡೆದಿದೆ, ಬೆಕ್ಕು ನೆಲ ನೆಕ್ಕುತ್ತಿದೆ. ಆ ಹೊತ್ತಿನಲ್ಲಿ ಆ ಬೆಕ್ಕಿನ ಮೇಲೆ ಬಂದಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿಲ್ಲ. ಪೊರಕೆ ಎಸೆದೆ, ಅತ್ತುಬಿಟ್ಟೆ, ಬಟ್ಟಲು ತೆಗೆದುಕೊಂಡು ಹೊರಬಿದ್ದೆ. ಬಟ್ಟಲು ಕೈಯಲ್ಲಿದ್ದರೆ ನನ್ನ ಕಾಲು ತಿರುಗುವುದು ಒಂದೇ ಕಡೆಗೆ. ನನಗೆ ಗೊತ್ತಾಗುವಷ್ಟರಲ್ಲಿ ಜನರನ್ನು ತಳ್ಳಿಕೊಂಡು ಆ ಸಂದಿಯ ಮುಂದೆ ನಿಂತಿದ್ದೆ, ಬಾಯಿ ಹಳೆಯ ರೂಢಿಯಂತೆ ಹೇಳಿಬಿಟ್ಟಿತ್ತು.

"ಯಕ್ಕಾ, ಒಂದೀಟ ಹೆಪ್ಪು ಕೊಡ. ಬೆಕ್ಕು ಗಡಿಗಿ ಉಳ್ಳಿಸೇತಿ, ಹಾಲು ಆರಾಕತ್ತಾವ."

ಎಲ್ಲರೂ ನನ್ನ ಮೇಲೆ ಬಿದ್ದರು. ಸಾಯುವವಳ ಹತ್ತಿರ ಬಟ್ಟಲು ಹಿಡಿದಿದ್ದಾಳಲ್ಲ, ಇವಳಿಗೆ ಮನುಷ್ಯತ್ವ ಇದೆಯೇ ಎಂದು ಯಾರೋ ನನ್ನ ರಟ್ಟೆ ಹಿಡಿದೆಳೆದರು. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿಯುವಾಗ ರಾಚಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಅವನ ತಲೆ ಇನ್ನೂ ಹೊಸ್ತಿಲ ಮೇಲೇ ಇತ್ತು. ಚೌಕಟ್ಟಿನ ಕಿರುಗುಟ್ಟುವಿಕೆ ನಿಂತಿತ್ತು. ಒಳಗೆ ಕೋಲಿನ ಸದ್ದು. ಟಕ್, ಟಕ್, ಬಾಗಿಲಿನವರೆಗೆ ಬಂದು ನಿಂತಿತು.

"ದೀಪಾ ಹಚ್ಯಾರೇನ?"

ದನಿ ಒಣಗಿತ್ತು, ಆದರೆ ಅದು ಅವಳದೇ ಗತ್ತಿನ ದನಿ. ನಾನು ತಿರುಗಿ ನೋಡಿದೆ. ಹೊತ್ತು ಮುಳುಗಿತ್ತು. ಓಣಿಯ ಎಲ್ಲ ಮನೆಯ ಗೂಡಿನಲ್ಲೂ ದೀಪ, ಗುಡಿಯ ಕಟ್ಟೆಯಲ್ಲಿ ದೀಪ, ಗಿರಣಿಯ ಮುಂದೆ ಕಂದೀಲು, ನಿಂತವರ ಕೈಯಲ್ಲೂ ದೀಪ. ಹಚ್ಚಿದ್ದಾರೆ ಎಂದರೆ ಅವಳು ಕೊಡುವುದಿಲ್ಲ. ಕೋಲು ಹಿಂದಕ್ಕೆ ಹೋಗುತ್ತದೆ, ಬಾಗಿಲು ಕೂಡುತ್ತದೆ. ಹಚ್ಚಿಲ್ಲ ಎಂದರೆ ಸುಳ್ಳು. ಅವಳ ಹೆಪ್ಪಿನ ಬಟ್ಟಲಿನ ಮುಂದೆ ನಾನು ಯಾವತ್ತೂ ಸುಳ್ಳಾಡಿದವಳಲ್ಲ, ಆಡಿದರೆ ಅವಳಿಗೆ ತಿಳಿಯದೇ ಇರುತ್ತಿರಲಿಲ್ಲ. ನಾನು ರಾಚಪ್ಪನ ಮುಖ ನೋಡಿದೆ.

ಅವನಿಗೆ ಏನು ಅರ್ಥವಾಯಿತೋ, ಎದ್ದವನೇ ತನ್ನ ಪಕ್ಕದವನ ಕೈಯ ದೀಪವನ್ನು ಊದಿದ. ಆಮೇಲೆ ತನ್ನ ಗಿರಣಿಯತ್ತ ಓಡಿದ. ಅದನ್ನು ನೋಡಿ ಒಬ್ಬಳು ಹೆಂಗಸು ತನ್ನ ಮನೆಯತ್ತ ಓಡಿದಳು, ಅವಳ ಹಿಂದೆ ಇನ್ನೊಬ್ಬಳು. ದೀಪ ಊದಬಾರದು, ಆರಿಸಬಾರದು, ಶಾಂತ ಮಾಡಬೇಕು ಎನ್ನುವ ಮುದುಕಿಯರೇ ಅವತ್ತು ಉಫ್ ಉಫ್ ಎಂದು ಊದಿದರು. ಪೂಜಾರಿ ಒಂದು ಕ್ಷಣ ಅನುಮಾನಿಸಿ, ದೇವರಿಗೆ ಕೈಮುಗಿದು, ಕಟ್ಟೆಯ ದೀಪದ ಮೇಲೆ ತನ್ನ ಶಲ್ಯ ಹಾಕಿದ. ಓಣಿ ಮನೆಯಿಂದ ಮನೆಗೆ ಕಪ್ಪಾಗುತ್ತಾ ಹೋಯಿತು. ನನ್ನ ಕೈಯ ಬಟ್ಟಲು ನನಗೇ ಕಾಣದಂತಾಯಿತು.

"ಇಲ್ಲ ಯಕ್ಕಾ," ಎಂದೆ. "ಎಲ್ಲೂ ದೀಪ ಇಲ್ಲ."

ಅವಳು ಸಂದಿಗೆ ಕಣ್ಣಿಟ್ಟು ನೋಡಿರಬೇಕು. ಆಮೇಲೆ, ಇಷ್ಟು ಹೊತ್ತು ಮಾಡಿ ಬರುತ್ತಾರೇನು, ಮೊದಲೇ ನೆನಪಾಗುವುದಿಲ್ಲವೇನು, ತಲೆಯಲ್ಲಿ ಏನು ತುಂಬಿದೆ ನಿನಗೆ ಎಂದು ಬೈಯುತ್ತಾ ಕೋಲು ಒಳಗೆ ಹೋಯಿತು. ಡಬ್ಬಿಗಳು ಉರುಳಿದವು. ಅವಳಿಗೆ ಜನ ಒಯ್ದ ಮೊಸರು ಎಷ್ಟೋ ಇತ್ತು. ಆದರೆ ಅವಳು ಹುಡುಕುತ್ತಿದ್ದುದು ತನ್ನದೇ ಗಡಿಗೆಯನ್ನು. ಊರು ಕೊಟ್ಟ ಹಾಲಿನಲ್ಲಿ, ಯಾರೂ ಕೇಳದಿದ್ದರೂ, ಅತ್ತೆಯ ಹೆಪ್ಪನ್ನು ದಿನಾ ಒಂದೊಂದು ಚಮಚದಷ್ಟು ಉಳಿಸಿಕೊಂಡೇ ಬಂದಿದ್ದಳು.

ಕೋಲು ತಿರುಗಿ ಬಂತು. ಕತ್ತಲಲ್ಲಿ ನಾನು ಸಂದಿಗೆ ಕೈ ಒಡ್ಡಿದೆ. ಅವಳ ಬೆರಳು ತಾಗಿದವು, ಆದರೆ ಅವಳು ತಂದ ಹೆಪ್ಪಿನ ಬಟ್ಟಲು ಸಿಕ್ಕಿಕೊಂಡಿತು. ಅವಳು ಒಳಗಿನಿಂದ ನೂಕಿದಳು, ನಾನು ಹೊರಗಿನಿಂದ ಜಗ್ಗಲಿಲ್ಲ. ಚೆಲ್ಲಿದರೆ ಎಂದು ಹೆದರಿಕೆ. ತಡಿ, ಚೆಲ್ಲಬ್ಯಾಡ ಎಂದಳು. ಚೆಲ್ಲಂಗಿಲ್ಲ, ನೂಕು ಎಂದೆ. ಚೌಕಟ್ಟು ಒಮ್ಮೆ ದೊಡ್ಡದಾಗಿ ನರಳಿತು. ಮುಗಿಯಿತು, ಕೈ ಸಮೇತ ಕೂಡಿಕೊಂಡಿತು ಎಂದು ಕಣ್ಣು ಮುಚ್ಚಿದೆ. ಬಟ್ಟಲು ನನ್ನ ಅಂಗೈಗೆ ಬಂದು ಕೂತಿತು. ಅದರ ಹಿಂದೆ ಅವಳ ಮಣಿಕಟ್ಟು, ಅದರ ಹಿಂದೆ ಬಳೆ, ಬಳೆಯ ಹಿಂದೆ ಮೊಣಕೈ.

ರಾಚಪ್ಪ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಇಷ್ಟು ದಿನ ಏನು ತರಲಿ ಎಂದು ಕೇಳಿ ಕೇಳಿ ಸೋತ ಗಂಟಲಿನಲ್ಲಿ, ಮೊದಲ ಸಲ ಬೇರೆ ಮಾತು ಹೊರಟಿತು.

"ಆಯಿ, ನಮ್ಮ ಮೊಮ್ಮಗಳು ಹಾಲು ಕುಡದ ಕೂಡಲೇ ಕಾರತೈತಿ. ಏನ್ ಮಾಡ್ಬೇಕ ಗೊತ್ತಾಗವಲ್ದು."

"ಎಷ್ಟ ದಿನದಿಂದ?" ಎಂದಳು ಒಳಗಿನಿಂದ, ಸಿಟ್ಟಿನಿಂದ. "ಈಗ ಹೇಳ್ತೀಯೇನ? ನಾಳೆ ಕೂಸಿನ ಕರಕೊಂಡು ಬಾ. ಬರೂ ಮುಂದ ನನ್ನ ಶ್ಯಾವಿಗಿ ಮಣಿ ತಗೊಂಡು ಬಾ, ಕಳ್ಳ."

ಆಮೇಲೆ ಕತ್ತಲಲ್ಲಿ ಯಾರ ದನಿ ಯಾರದೆಂದು ತಿಳಿಯಲಿಲ್ಲ. ಒಬ್ಬಳಿಗೆ ಉಪ್ಪು ಬೇಕಿತ್ತು, ಒಬ್ಬಳಿಗೆ ಕೌದಿ ಹೊಲಿಯುವ ಸೂಜಿ, ಒಬ್ಬನಿಗೆ ಅಣ್ಣತಮ್ಮಂದಿರ ಬದುವಿನ ಜಗಳಕ್ಕೆ ಒಂದು ಮಾತು. ಕೆಲವರು ಸುಮ್ಮನೆ ಕೇಳಬೇಕೆಂದು ಕೇಳಿದರು. ಅಂಥವರಿಗೆ ಅವಳು, ನಿಮ್ಮನೆಯಲ್ಲಿ ಉಪ್ಪಿಲ್ಲವೇನು, ನಾಟಕ ಮಾಡುತ್ತೀ ಎಂದು ಬೈದಳು, ಆಗ ಚೌಕಟ್ಟು ಅಲುಗಲಿಲ್ಲ. ನಿಜವಾಗಿ ಬೇಕಾದವರು ಕೇಳಿದಾಗ ಮಾತ್ರ ಕಟ್ಟಿಗೆ ಕರಕರ ಎಂದು ಹಿಂದೆ ಸರಿಯಿತು. ನಾನು ಕೊನೆಯವರೆಗೆ ನಿಲ್ಲಲಿಲ್ಲ. ಹಾಲು ಆರುತ್ತಿತ್ತು. ಮನೆಗೆ ಓಡಿ, ತಡಕಾಡಿ, ಹೆಪ್ಪು ಹಾಕಿ, ಹಾಲಿನ ಗಡಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಅದರ ಪಕ್ಕದಲ್ಲೇ ಕೂತು ಮನಸಾರೆ ಅತ್ತೆ.

ಬೆಳಿಗ್ಗೆ ಸೀರೆ ಬಿಚ್ಚಿ ನೋಡಿದರೆ ಮೊಸರು ಗಡಿಗೆ ಓರೆ ಮಾಡಿದರೂ ಜಾರದಷ್ಟು ಗಟ್ಟಿಯಾಗಿತ್ತು. ಅವಳಿಗೆ ತೋರಿಸಬೇಕು, ನಿನ್ನ ಹೆಪ್ಪು ನನ್ನ ಕೈಯಲ್ಲೂ ಹೇಗೆ ಕೂತಿದೆ ನೋಡು ಎಂದು ಸ್ವಲ್ಪ ಜಂಭ ಮಾಡಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಬಾಗಿಲಿನ ಕೌದಿ ಅಲ್ಲಾಡಿತು. ಮೊದಲು ಕೋಲು ಒಳಗೆ ಬಂತು, ಆಮೇಲೆ ಒಂದು ಭುಜ. ನೀಲಗಂಗವ್ವ. ರಾತ್ರಿಯಲ್ಲೇ ಅಗಲವಾದ ತನ್ನ ಬಾಗಿಲನ್ನು ದಾಟಿ, ಓಣಿಗಿಳಿದು ಬಂದವಳು ನನ್ನ ಬಾಗಿಲಿನಲ್ಲಿ ಸಿಕ್ಕಿಹಾಕಿಕೊಂಡು ಏದುಸಿರು ಬಿಡುತ್ತಿದ್ದಳು. ಅಡ್ಡ ತಿರುಗಿದಳು, ಉಸಿರು ಒಳಗೆಳೆದಳು, ಆದರೂ ಬರಲಾಗಲಿಲ್ಲ.

"ಫಕೀರಿ," ಎಂದಳು, ಚೌಕಟ್ಟನ್ನು ಕೈಯಿಂದ ಸವರುತ್ತಾ. "ನಿನ್ನ ಬಾಗಲಾ ಯಾವಾಗಿಂದ ಹಿಂಗಾಗೇತಿ?"

ನೆಗ್ಗಿದ ಕೊಡ ಮೂಲೆಯಲ್ಲಿತ್ತು. ನನ್ನ ಕೌದಿಯ ಅಂಚು ಎರಡೂ ಕಡೆ ನೆಲದ ಮೇಲೆ ಮುದುಡಿ ಬಿದ್ದಿರುವುದನ್ನು ನಾನು ಅವತ್ತೇ ನೋಡಿದೆ. ನನ್ನ ಮನೆಗೆ ಜಗಳಕ್ಕೆ ಕೂಡ ಯಾರಾದರೂ ಬಂದು ಎಷ್ಟು ಕಾಲವಾಯಿತು ಎಂದು ಯೋಚಿಸಿದೆ, ನೆನಪಾಗಲಿಲ್ಲ. ನನ್ನಿಂದ ಯಾರಾದರೂ ಏನಾದರೂ ಕೇಳಿ ಎಷ್ಟು ಕಾಲವಾಯಿತು ಎಂದು ಯೋಚಿಸುವ ಧೈರ್ಯ ಆಗಲಿಲ್ಲ.

ಅವಳು ನನ್ನ ಮುಖ ನೋಡಿದಳು. ಚೌಕಟ್ಟಿನ ಸಂದಿಯಿಂದ ಒಂದು ಕೈಯನ್ನು ಒಳಗೆ ಚಾಚಿದಳು. ಕೈಯಲ್ಲಿ ಖಾಲಿ ಬಟ್ಟಲು.

"ನಿನ್ನೆ ಇದ್ದದ್ದೆಲ್ಲಾ ನಿನಗ ಹಾಕಿಬಿಟ್ಟೆ," ಎಂದಳು. "ನನ್ನ ಗಡಿಗ್ಯಾಗ ಏನೂ ಉಳಿದಿಲ್ಲ. ಒಂದೀಟ ಹೆಪ್ಪು ಕೊಡ."

ನಾನು ಎದ್ದು ಗಡಿಗೆ ತಂದೆ.